ಬ್ರೆಜಿಲ್ ತಂಡದ ಗೋಲ್‌ಕೀಪರ್

ಚೆಂಡು ನಾಲೆಗೆ ಬಿದ್ದದ್ದೇ ತಡ, ನನ್ನ ಅಕ್ಕನ ಮಗ ರವಿ ಅದನ್ನು ತರಲು ಏರಿಯಿಂದ ಇಳಿಯತೊಡಗಿದ. ಪಾಲಹಳ್ಳಿಯ ಹತ್ತಿರ ನಾಲೆ ಪಕ್ಕದ ಬಯಲಿನಲ್ಲಿ ಅವನು ಗೆಳೆಯರೊಂದಿಗೆ ಫುಟ್‌ಬಾಲ್ ಆಡುತ್ತಿದ್ದ; ನಾನು ನೋಡುತ್ತ ನಿಂತಿದ್ದೆ. ನೀರು ತುಂಬಿ ಹರಿಯುತ್ತಿತ್ತು. ಆದರೂ ನನಗೆ ಭಯವಾಗಲಿಲ್ಲ. ನಮ್ಮ ಕಡೆಯವರೆಲ್ಲ ಈಜು ಕಲಿತದ್ದೇ ನಾಲೆಯಲ್ಲಿ.

ಅಲ್ಲೇ ಹುಲ್ಲು ಕೊಯ್ಯುತ್ತಿದ್ದ ನಡುವಯಸ್ಸಿನವರೊಬ್ಬರು ಕುಡುಗೋಲು ಎಸೆದು ಓಡಿಬಂದು, ರವಿಯ ಅಂಗಿ ಹಿಡಿದು ಹಿಂದಕ್ಕೆಳೆದರು. ಇಬ್ಬರೂ ಏರಿಯ ಮೇಲೆ ಬಿದ್ದರು.

"ಈಜು ಬತ್ತದೆ ಬುಡಣ್ಣೋ," ಎಂದು ರವಿ ನಕ್ಕ.

"ನಮ್ ಗೋಲ್‌ಕೀಪರ್‌ಗೂ ಬತ್ತಿತ್ತು ಕಣ್ಲಾ!" ಅವರು ಇನ್ನೂ ಅವನ ಅಂಗಿ ಬಿಟ್ಟಿರಲಿಲ್ಲ.

ಉಸಿರು ಹಿಡಿತಕ್ಕೆ ಬಂದ ಮೇಲೆ ಅವರು ಹೇಳಿದರು. ಇದೇ ಬಯಲಿನಲ್ಲಿ ಹಿಂದೆ ಅವರದೊಂದು ಕ್ಲಬ್ಬಿತ್ತು. ಎಲ್ಲರೂ ಹಳದಿ ಅಂಗಿ ತೊಡುತ್ತಿದ್ದುದರಿಂದ ಊರವರು ಅದನ್ನು ಬ್ರೆಜಿಲ್ ತಂಡ ಎನ್ನುತ್ತಿದ್ದರು. ನಾಲೆಗೆ ಕಾಂಕ್ರೀಟ್ ಹಾಕಿದ ಮೇಲೆ ಒಂದು ಸಂಜೆ ಗೋಲ್‌ಕೀಪರ್ ಚೆಂಡಿಗಾಗಿ ಧುಮುಕಿದ. ಚೆಂಡನ್ನು ದಡಕ್ಕೆ ಎಸೆದ. ತಾನು ಹತ್ತಲು ಮಾತ್ರ ಆಗಲಿಲ್ಲ. ಮಣ್ಣಿನ ದಡವಿದ್ದಾಗ ಹಿಡಿಯಲು ಬೇರು, ಹುಲ್ಲು ಸಿಗುತ್ತಿತ್ತು. ಪಾಚಿ ಕಟ್ಟಿದ ಕಾಂಕ್ರೀಟಿನಲ್ಲಿ ಏನೂ ಇರಲಿಲ್ಲ. ನೀರಿನಲ್ಲಿ ಕೊಚ್ಚಿಹೋಗುತ್ತಿದ್ದ ಅವನ ಜೊತೆಜೊತೆಗೇ ಗೆಳೆಯರು ಏರಿಯ ಮೇಲೆ ಓಡಿದರು. ಸೇತುವೆಯ ಕೆಳಗೆ ಹೋದವನು ಆ ಕಡೆಯಿಂದ ಹೊರಬರಲಿಲ್ಲ. ಮರುದಿನದಿಂದ ಆ ಕ್ಲಬ್ಬಿನವರು ಯಾರೂ ಆಡಲು ಬರಲಿಲ್ಲ.

ರವಿಯ ನಗು ನಿಂತಿತ್ತು. ನಾಲೆಯತ್ತ ನೋಡಿದೆ. ನಮ್ಮ ಚೆಂಡು ಆಗಲೇ ಕಾಣದಾಗಿತ್ತು.

ರವಿಗೆ ಇಪ್ಪತ್ತೆರಡು ವರ್ಷ. ಆದರೂ ಮನೆ ತಲುಪುವವರೆಗೆ ಅವನ ತೋಳು ಬಿಡಲು ನನ್ನಿಂದ ಆಗಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.