ಕಂಬಳಿ ಹೊದ್ದ ಬ್ಯಾಟರಿ

ನನ್ನ ಭಾವನನ್ನು ಈಗ ಬೀದಿಯವರು ಬ್ಯಾಟರಿ ಕಳ್ಳ ಎನ್ನುತ್ತಾರೆ. ಅನ್ನುವವರ ಬಾಯಿ ಮುಚ್ಚಿಸಲು ನನ್ನಿಂದಾಗದು. ನಡೆದದ್ದನ್ನು ಹೇಳದೆ ಇರಲೂ ಆಗದು.

ಭಾವ ಒಬ್ಬ ವಕೀಲನ ಕಾರಿಗೆ ಡ್ರೈವರ್ ಆಗಿದ್ದರು. ವಕೀಲರು ಎನ್ನಬೇಕು, ನಿಜ, ನಾಲಿಗೆ ಏಳುವುದಿಲ್ಲ. ಆ ಕಾರಿನ ಬ್ಯಾಟರಿ ಹಳೆಯದು. ಬೇಸಿಗೆಯಲ್ಲಿ ಹೇಗೋ ದಿನ ತಳ್ಳುತ್ತಿತ್ತು. ಚಳಿ ಬಂತೆಂದರೆ, ಬೆಳಿಗ್ಗೆ ಕೀ ತಿರುಗಿಸಿದಾಗ ಬರೀ ಟಕ್ ಟಕ್.

"ಚಳಿಗೆ ನಮ್ಮ ಕೈ ಮರಗಟ್ಟಲ್ವಾ ಸಾರ್, ಇದಕ್ಕೂ ಹಾಗೇ ಶಕ್ತಿ ಕುಗ್ಗುತ್ತೆ. ಎಂಜಿನ್ ಆಯಿಲ್ ಬೇರೆ ಗಟ್ಟಿಯಾಗಿರುತ್ತೆ. ಹೊಸದು ಹಾಕ್ಸಿ" ಎಂದು ಭಾವ ಕೇಳಿಕೊಂಡರು.

"ನೋಡೋಣ" ಎಂದ ವಕೀಲ. ಮರುವರ್ಷವೂ ನೋಡೋಣ. ದೊಡ್ಡವರ ಬಾಯಲ್ಲಿ ಅದಕ್ಕೆ ಇಲ್ಲ ಎಂದೇ ಅರ್ಥ. ಭಾವ ಮಾತ್ರ, ಅವರು ನೋಡುತ್ತಿದ್ದಾರೆ ಎಂದು ನಂಬಿದರು.

ಅಲ್ಲಿಯವರೆಗೆ ಕಾರು ನಿಲ್ಲಬಾರದಲ್ಲ! ಸಂಜೆ ಬ್ಯಾಟರಿ ಬಿಚ್ಚಿ, ಸೈಕಲ್ ಕ್ಯಾರಿಯರಿಗೆ ಕಟ್ಟಿ ಮನೆಗೆ ತರುತ್ತಿದ್ದರು. ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿಟ್ಟು ಕಂಬಳಿ ಹೊದಿಸಿ, ಬೆಳಿಗ್ಗೆ ವಕೀಲ ಏಳುವ ಮೊದಲೇ ಹೋಗಿ ಜೋಡಿಸುತ್ತಿದ್ದರು. ಇದನ್ನೇನು ಹೇಳಿಕೊಳ್ಳುವುದು ಎಂದು ಅವನಿಗೂ ಹೇಳಿರಲಿಲ್ಲ.

"ಇರೋದೊಂದು ಒಳ್ಳೆ ಕಂಬಳಿ, ಅದೂ ನನ್ನ ಸವತಿಗೆ!" ಎಂದು ಅಕ್ಕ ರೇಗುತ್ತಿದ್ದಳು.

"ಸವತಿ ದುಡಿದ್ರೇನೇ ಕಣೇ ನಿನಗೆ ಊಟ" ಎಂದು ಭಾವ ನಗುತ್ತಿದ್ದರು.

ಒಂದು ದಿನ ವಕೀಲನಿಗೆ ಪರವೂರಿನ ಕೋರ್ಟಿನಲ್ಲಿ ಕೆಲಸವಿತ್ತು. ಯಾರಿಗೂ ಹೇಳದೆ ಬೇಗ ಎದ್ದು ತಾನೇ ಕೀ ತಿರುಗಿಸಿದ. ಬಾನೆಟ್ ಎತ್ತಿದರೆ ಬ್ಯಾಟರಿಯೇ ಇಲ್ಲ! ಬೀದಿಯೆಲ್ಲ ಎದ್ದು ಬರುವಂತೆ ಕೂಗಾಡುತ್ತಿದ್ದಾಗ ಭಾವ ಸೈಕಲ್ ತಳ್ಳಿಕೊಂಡು ಬಂದರು, ಹಿಂದೆ ಬ್ಯಾಟರಿ.

"ನೋಡಿ, ಮಾಲು ಸಮೇತ ಸಿಕ್ಕಿದ!" ಎಂದ ವಕೀಲ.

"ಇಲ್ಲ ಸಾರ್, ಚಳಿಗೆ ಕಾರು ಸ್ಟಾರ್ಟ್ ಆಗಲ್ಲ ಅಂತ ಮನೇಲಿ ಬೆಚ್ಚಗಿಟ್ಟು ತರ್ತೀನಿ. ಕಂಬಳಿ ಹೊದಿಸಿ..."

"ಬ್ಯಾಟರಿಗೆ ಕಂಬಳಿಯಂತೆ!" ನೆರೆದವರೆಲ್ಲ ನಕ್ಕರು. ಕೋರ್ಟಿನಲ್ಲಿ ಎಂತೆಂಥ ಕಳ್ಳರ ಮಾತನ್ನೂ ನಂಬುವ ಮನುಷ್ಯ, ಇದೊಂದನ್ನು ನಂಬಲಿಲ್ಲ.

ಭಾವ ಬ್ಯಾಟರಿ ಜೋಡಿಸಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ವಕೀಲ ಒಳಗೆ ಕೂತು, "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ" ಎಂದು ಹೊರಟುಹೋದ. ಆಮೇಲೆ ಕೆಲಸ ಕೇಳಲು ಹೋದಲ್ಲೆಲ್ಲ ಭಾವನಿಗಿಂತ ಮುಂಚೆ ಆ ಸುದ್ದಿ ಹೋಗಿ ಕೂತಿತ್ತು.

ಹೊಸ ಡ್ರೈವರ್ ಬಂದ. ಮೊದಲ ಬೆಳಿಗ್ಗೆಯೇ ಕಾರು ಮುಷ್ಕರ ಹೂಡಿತು. ಅವನು ಕೈಕಟ್ಟಿ ನಿಂತನಂತೆ. ಮಧ್ಯಾಹ್ನದೊಳಗೆ ವಕೀಲ ಹೊಸ ಬ್ಯಾಟರಿ ಹಾಕಿಸಿದ. ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ನೇರ ಅಕ್ಕನ ಮನೆಗೆ ಹೋಗಿ ಹೇಳಿದೆ.

ಭಾವನ ಮುಖ ಅರಳಿತು. "ಹಾಕಿಸಿದ್ರಾ? ಸದ್ಯ! ಇನ್ನು ಬೆಳಿಗ್ಗೆ ಚಿಂತೆಯಿಲ್ಲ ಬಿಡು" ಎಂದರು.

ಅಕ್ಕ ಅವರ ಮುಖವನ್ನೇ ನೋಡಿದಳು. ಬೆಳಿಗ್ಗೆ ಹೋಗಿ ಸ್ಟಾರ್ಟ್ ಮಾಡಲು ತಮಗೆ ಕಾರೇ ಇಲ್ಲವೆಂಬುದು ಆಗ ನೆನಪಾಗಿ, ಭಾವ ತಲೆ ತಗ್ಗಿಸಿದರು.