ಮೇಡಂ ಕೋಣೆಯಲ್ಲಿ ಕೇಳಬಾರದ ಪ್ರಶ್ನೆ

ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಮೇಲ್ಮನವಿಗಳನ್ನು ಕೇಳುವ ಸ್ವತಂತ್ರ ಮಂಡಳಿಗೆ ಯೂನಿಸ್ ಆರ್ಸೆನೋ ಅಧ್ಯಕ್ಷೆ. ಪಿಂಚಣಿ ನಿರಾಕರಿಸಿದ ಇಲಾಖೆಯವರು ತಂದಿಟ್ಟ ಕಾಫಿಯನ್ನು ಮೂಸಿಯೂ ನೋಡುವುದಿಲ್ಲ. "ಅವರ ಕಾಫಿ ಕುಡಿದ್ರೆ ಅವರ ಮಾತೇ ಬಾಯಿಗೆ ಬರತ್ತೆ ಕಣಯ್ಯ" ಎಂದು ಗುಮಾಸ್ತನಾದ ನನಗೆ ಹೇಳಿ, ಮನೆಯಿಂದ ತಂದ ಚಹಾದ ಫ್ಲಾಸ್ಕು ತೆರೆಯುತ್ತಾರೆ. ಅವರ ಕೋಣೆಯಲ್ಲಿ "ಹೇಗಿದ್ದೀರಿ?" ಎಂದು ಯಾರೂ ಕೇಳಕೂಡದು. ಕೇಳಿದರೆ ಸಾಕು, ಸೊಂಟ ಮುರಿದವನೂ ಎದೆಯುಬ್ಬಿಸಿ "ಚೆನ್ನಾಗಿದ್ದೀನಿ ಮೇಡಂ!" ಎಂದುಬಿಡುತ್ತಾನೆ, ಡಾಕ್ಟರ ಮುಂದೆಯೂ ಹಾಗೇ ಹೇಳಿ ಪಿಂಚಣಿ ಕಳೆದುಕೊಂಡಿರುತ್ತಾನೆ. ಮೇಡಂ ಕೇಳುವುದೇ ಬೇರೆ: "ಬೂಟಿನ ಲೇಸು ಕಟ್ಟೋರು ಯಾರಪ್ಪಾ?" ಮೊನ್ನೆ ನೌಕಾಪಡೆಯ ಮುದುಕ ಲಾರ್ನ್ ಬೂಡ್ರೊ ಆ ಪ್ರಶ್ನೆಗೆ ಕೆಂಪಗಾಗಿ ಚಾವಣಿ ನೋಡಿದ. "ಇನ್ಯಾರು, ನಾನೇ! ಹಡಗಿಂದ ಇಳಿದಾಗಿನಿಂದ ಇವರ ಸೊಂಟ ಬಗ್ಗಿದ್ದೇ ಇಲ್ಲ" ಎಂದಳು ಪಕ್ಕದಲ್ಲಿದ್ದ ಹೆಂಡತಿ. ಮನವಿ ಗೆದ್ದಿತು. ಲಾರ್ನ್ ಉಸ್ಸೆಂದು ಕುರ್ಚಿಗೊರಗಿದ. ಹೆಂಡತಿ ಖುಷಿಯಲ್ಲಿ ನನ್ನನ್ನೇ ತಬ್ಬಿಕೊಂಡಳು. ಅವರು ಹೋದ ಮೇಲೆ, ಮನಸ್ಸು ಹಗುರಾಗಿದ್ದ ನಾನು ಬಾಯಿತಪ್ಪಿ "ಹೇಗಿದ್ದೀರಿ ಮೇಡಂ?" ಎಂದುಬಿಟ್ಟೆ. ಒಂದು ಕಾಲಕ್ಕೆ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಆರ್ಸೆನೋ ಮೇಡಂ ಥಟ್ಟನೆ ಸೆಟೆದು ನಿಂತು "ಚೆನ್ನಾಗಿದ್ದೀನಿ!" ಎಂದರು. ಆಮೇಲೆ ತಾವೇ ನಕ್ಕು, ಲೇಸು ಬಿಚ್ಚಿಹೋಗಿದ್ದ ಎಡಗಾಲಿನ ಬೂಟನ್ನು ನನ್ನ ಮುಂದೆ ಚಾಚಿದರು.