ಹಿಮಕ್ಕಾಗಿ ಹಠ ಹಿಡಿದ ವರ್ಷ

ಆಗ ನಮಗೆಲ್ಲ ಹಿಮ ಎಂದರೆ ದುಬೈಯ ಅಲ್ ಬರ್ಷಾದ ಮಾಲ್‌ನಲ್ಲಿ ಗಾಜಿನ ಆಚೆಗಿದ್ದ ಒಂದು ವಸ್ತು. ಅದಕ್ಕೆ ಟಿಕೆಟ್ ಇತ್ತು, ಬಾಗಿಲು ತೆಗೆಯುವ ಹೊತ್ತು ಇತ್ತು, ಬಾಡಿಗೆಗೆ ದಪ್ಪ ಕೋಟು ಸಿಗುತ್ತಿತ್ತು. ಹೊರಗೆ ಚಪ್ಪಲಿ ಸುಡುವ ಜುಲೈಯಲ್ಲೂ ಅದು ಅಲ್ಲೇ ಇರುತ್ತಿತ್ತು. ಹಿಮಕ್ಕೂ ಒಂದು ಕಾಲವಿದೆ ಎಂದು ದುಬೈಯ ಮಕ್ಕಳಾದ ನಮಗೆ ಯಾರೂ ಹೇಳಿರಲಿಲ್ಲ.

ನನಗೆ ಒಂಬತ್ತಾದ ವರ್ಷ, ಅಲ್ ಮುರಕ್ಕಬಾತ್‌ನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದ ಅಪ್ಪ ಸಂಬಳವಿಲ್ಲದ ರಜೆ ಹಾಕಿ ಸ್ವಿಸ್ ಬೆಟ್ಟದ ಒಂದು ಹಳ್ಳಿಯ ಹೋಟೆಲಿಗೆ ಹೋದರು. ಬೇಸಿಗೆಯಲ್ಲಿ ಅಲ್ಲಿಗೆ ಬಸ್ಸುಗಟ್ಟಲೆ ಬರುವ ನಮ್ಮ ದೇಶದ ಪ್ರವಾಸಿಗಳಿಗೆ ಅನ್ನ, ದಾಲ್, ಚಪಾತಿ ಮಾಡಿ ಬಡಿಸುವ ಕೆಲಸ. ಮೇಯಲ್ಲಿ ಹೋಗಿ ಅಕ್ಟೋಬರಿನಲ್ಲಿ ವಾಪಸು. ಆರು ತಿಂಗಳು ದಾಟಿ ಹೊರಗಿದ್ದರೆ ದುಬೈ ವೀಸಾ ಖಲಾಸ್ ಎಂಬುದು ನಮ್ಮ ಬಿಲ್ಡಿಂಗಿನ ಮಕ್ಕಳಿಗೂ ಗೊತ್ತಿತ್ತು.

ಜುಲೈಯಲ್ಲಿ ಅಮ್ಮನಿಗೆ ಆಸ್ಪತ್ರೆಯ ನರ್ಸ್ ಕೆಲಸದಿಂದ ಹತ್ತು ದಿನ ರಜೆ ಸಿಕ್ಕಿ ನಾವೂ ಹೋದೆವು. ನಾನು ವಿಮಾನದಲ್ಲೇ ಉಣ್ಣೆಯ ಟೋಪಿ ಹಾಕಿ ಕೂತಿದ್ದೆ. ಹೋಗಿ ಇಳಿದರೆ ಎಲ್ಲಿ ನೋಡಿದರೂ ಹುಲ್ಲು! ಕಿಟಕಿಗಳಲ್ಲಿ ಕೆಂಪು ಹೂ, ಇಳಿಜಾರಿನಲ್ಲಿ ಗಂಟೆ ಕಟ್ಟಿದ ದನಗಳು. ನನಗೆ ಅಳುವೇ ಬಂತು. ಒಗ್ಗರಣೆಯ ಪರಿಮಳದೊಂದಿಗೆ ಅಪ್ಪ ಅಡುಗೆಮನೆಯಿಂದ ಹೊರಬಂದರು.

"ಹಿಮ ಎಲ್ಲಿ?"

"ಅದು ಡಿಸೆಂಬರಿಗೆ ಮಗಾ. ಈಗ ಎಲ್ಲಿಂದ ಬರೂದು?"

"ನಮ್ಮ ಮಾಲ್‌ನಲ್ಲಿ ಈಗ್ಲೂ ಉಂಟಲ್ಲ!"

ಅಪ್ಪ ನಗು ತಡೆಯಲಾರದೆ ಒಳಗೆ ಓಡಿ ಉಳಿದ ಅಡುಗೆಯವರಿಗೂ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಆ ಹತ್ತು ದಿನ ನಾನು ಕೂತಲ್ಲಿ ಕೂರಲಿಲ್ಲ. ಕೆಲಸಗಾರರ ಕೋಣೆಯ ಮರದ ಮೆಟ್ಟಿಲು ಹತ್ತುವುದು, ಇಳಿಯುವುದು, ಅಡುಗೆಮನೆಯ ಬಾಗಿಲಲ್ಲಿ ಇಣುಕುವುದು. ದೂರದ ಶಿಖರದ ತುದಿಯಲ್ಲಿ ಮಾತ್ರ ಬಿಳಿ ಕಾಣುತ್ತಿತ್ತು. ರಜೆಯ ದಿನ ರೋಪ್‌ವೇಯಲ್ಲಿ ಅಲ್ಲಿಗೆ ಕರೆದೊಯ್ಯುತ್ತೇನೆ ಎಂದಿದ್ದರು ಅಪ್ಪ. ಆ ದಿನವೇ ಹೇಳದೆ ಕೇಳದೆ ಎರಡು ಬಸ್ಸು ಬಂದವು. ಅಪ್ಪ ಏಪ್ರನ್ ಕಟ್ಟಿದ್ದೇ ನಾನು ಒಬ್ಬಳೇ ಬೆಟ್ಟದ ದಾರಿ ಹಿಡಿದೆ. ಕಾಲು ಸೋತು, ದನಗಳು ನೀರು ಕುಡಿಯುವ ಮರದ ತೊಟ್ಟಿಯ ಪಕ್ಕ ಬಿಕ್ಕುತ್ತಾ ಕೂತಿದ್ದಾಗ ಅಪ್ಪ ಏದುಸಿರು ಬಿಡುತ್ತಾ ಬಂದರು. ಬೈಯಲಿಲ್ಲ. ಎತ್ತಿಕೊಂಡರು.

"ಡಿಸೆಂಬರಿಗೆ ಬಾ. ನಮ್ಮ ಕೋಣೆಯ ಮೆಟ್ಟಿಲು ಇಳಿದ್ರೆ ಹಿಮವೇ. ನಾನೇ ತೋರಿಸ್ತೇನೆ."

"ಪ್ರಾಮಿಸ್?"

"ದೇವರಾಣೆ."

ಡಿಸೆಂಬರಿನಲ್ಲಿ ಅಪ್ಪ ದುಬೈಯಲ್ಲಿರಬೇಕಾದವರು ಎಂಬುದು ನನಗೆ ಹೊಳೆಯಲೇ ಇಲ್ಲ.

ಅಕ್ಟೋಬರಿನಲ್ಲಿ ಅಪ್ಪ ಬರಲಿಲ್ಲ. ಚಳಿಗಾಲಕ್ಕೂ ತನ್ನನ್ನು ಅಡುಗೆಗೆ ಇರಿಸಿಕೊಂಡಿದ್ದಾರೆ, ವೀಸಾದ ವಿಷಯ ದುಬೈ ಹೋಟೆಲಿನವರೊಡನೆ ಮಾತಾಡಿದ್ದೇನೆ ಎಂದು ಫೋನಿನಲ್ಲಿ ಹೇಳಿದರು. ಅಮ್ಮ ನಂಬಿದಳು.

ಡಿಸೆಂಬರಿನಲ್ಲಿ ನಾವು ಮತ್ತೆ ಹೋದಾಗ ಹಳ್ಳಿಯ ಗುರುತೇ ಸಿಗಲಿಲ್ಲ. ಹೋಟೆಲಿನ ಮುಂದೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಒಬ್ಬರು ಬಗ್ಗಿ ಬಗ್ಗಿ ಸಲಿಕೆಯಿಂದ ಹಿಮ ಎತ್ತಿ ಹಾಕುತ್ತಿದ್ದರು. ಅಮ್ಮ ಗಕ್ಕನೆ ನಿಂತಳು. ಅಪ್ಪ! ಚಳಿಗಾಲದಲ್ಲಿ ನಮ್ಮವರ ಬಸ್ಸುಗಳು ಬರುವುದಿಲ್ಲ. ಆ ಅಡುಗೆಮನೆಗೆ ಅಕ್ಟೋಬರಿನಲ್ಲೇ ಬೀಗ ಬಿದ್ದಿತ್ತು.

ನನಗೆ ಅದೆಲ್ಲ ಯಾಕೆ ಬೇಕು! ಹಿಮಕ್ಕೆ ಧುಮುಕಿದೆ. ಕೆಲಸ ಮುಗಿದದ್ದೇ ಅಪ್ಪ ದೊಡ್ಡ ಬೇಕಿಂಗ್ ಟ್ರೇಯಲ್ಲಿ ನನ್ನನ್ನು ಕೂರಿಸಿ ಇಳಿಜಾರಿಗೆ ದೂಡುತ್ತಿದ್ದರು. ಬೇಸಿಗೆಯಲ್ಲಿ ಕೈಗೆ ಸಿಗದ ಅಪ್ಪ ಈಗ ಮಧ್ಯಾಹ್ನದ ಮೇಲೆ ಪೂರ್ತಿ ನನ್ನವರು. ಅವರ ಒಡೆದ ಬೆರಳುಗಳಿಗೆ ಅಮ್ಮ ವ್ಯಾಸಲೀನ್ ಹಚ್ಚುತ್ತಿದ್ದಳು. ಮೂರನೆಯ ದಿನ ಗಂಜಿ ಊಟಕ್ಕೆ ಕೂತಾಗ ಅವಳಿಗೆ ತಡೆಯಲಾಗಲಿಲ್ಲ.

"ವೀಸಾ ಎಂತ ಆಯ್ತು?"

"ಹೋಯ್ತು. ಅಲ್ಲಿ ಬೇರೆಯವನನ್ನು ಸೇರಿಸ್ಕೊಂಡ್ರಂತೆ."

"ಅಕ್ಟೋಬರಿಗೆ ಬರ್ಬಹುದಿತ್ತಲ್ಲ ನಿಮಗೆ! ಎಂತಕ್ಕೆ ನಿಂತದ್ದು ಇಲ್ಲಿ?"

"ಅವಳಿಗೆ ಮಾತು ಕೊಟ್ಟಿದ್ದೆ ಮಾರಾಯ್ತಿ. ದುಬೈಯಲ್ಲಿ ಇನ್ನೊಂದು ಕೆಲಸ ಸಿಗ್ತದೆ ಅಂತ ಎಣಿಸಿದೆ."

ನನಗೆ ಎಲ್ಲ ಕೇಳಿಸಿತು. ಅರ್ಥವೂ ಆಯಿತು. ಆದರೂ ಟ್ರೇ ಎತ್ತಿಕೊಂಡು ಹೊರಗೆ ಓಡಿದೆ. ಇದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಇನ್ನೊಂದು ಕೆಲಸ ಸಿಗಲಿಲ್ಲ. ಗಂಡನನ್ನು ತನ್ನ ವೀಸಾದಲ್ಲಿ ಕರೆಸಿಕೊಳ್ಳಲು ಅಮ್ಮನ ಸಂಬಳ ಸಾಲುತ್ತಿರಲಿಲ್ಲ. ಅಪ್ಪ ಉಡುಪಿಗೆ ಹೋಗಿ ಮದುವೆ ಮನೆಗಳ ಅಡುಗೆಗೆ ನಿಂತರು, ನಾವಿಬ್ಬರು ದುಬೈಯಲ್ಲಿ ಉಳಿದೆವು. ಆಮೇಲೆ ನಾವು ಮೂವರೂ ಒಂದು ಮನೆಯಲ್ಲಿ ಒಂದು ವರ್ಷ ಪೂರ್ತಿ ಇದ್ದದ್ದೇ ಇಲ್ಲ.

ಈಗ ಮಿರ್ದಿಫ್‌ನಲ್ಲಿ ನನಗೆ ನನ್ನದೇ ಮನೆಯಿದೆ. ಅಪ್ಪ ಪ್ರತಿ ವರ್ಷ ವಿಸಿಟ್ ವೀಸಾದಲ್ಲಿ ಬರುತ್ತಾರೆ. ಅವರಿಗೆಂದೇ ಒಂದು ಕಪಾಟು ಖಾಲಿ ಇಟ್ಟಿದ್ದೇನೆ. ಕಳೆದ ಸಲವೂ ಬಟ್ಟೆ ತೆಗೆದು ಅದರಲ್ಲಿಡಿ ಎಂದೆ.

"ಇರ್ಲಿ ಮಗಾ," ಅಂದರು ಅಪ್ಪ, ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳುತ್ತಾ, "ಹೋಗುವಾಗ ಪುನಃ ತುಂಬಿಸ್ಬೇಕಲ್ಲ."